ಗೇಮಿಂಗ್ ಮಾನಿಟರ್: ಐಪಿಎಸ್, ವಿಎ, ಓಎಲ್‌ಇಡಿ, ಯಾವುದು ತಗೊಳ್ಳಲಿ?

ಸಹಾಯ ಬೇಕು. 27 ಇಂಚಿನ 1440ಪಿ (ಅಡ್ಡಕ್ಕೆ 2560, ಉದ್ದಕ್ಕೆ 1440 ಪಿಕ್ಸೆಲ್) ಮಾನಿಟರ್ ತಗೊಳ್ಳಬೇಕು ಅಂತಿದ್ದೇನೆ. ಪ್ಯಾನೆಲ್, ಅಂದರೆ ಚಿತ್ರ ಮೂಡಿಸುವ ಪರದೆ, ಈ ಮೂರು ಬಗೆಯಲ್ಲಿ ಯಾವುದು ಅನ್ನೋದೇ ಬಗೆಹರಿಯುತ್ತಿಲ್ಲ.

ನಾನು ಆಡುವುದು ಹೆಚ್ಚಾಗಿ ರಾತ್ರಿ, ದೀಪ ಆರಿಸಿಕೊಂಡು. ಕತ್ತಲೆಯ ಗುಹೆ, ಕಾಡು ಇರುವ ಗೇಮ್‌ಗಳೇ ಜಾಸ್ತಿ. ಈಗಿರುವ ಹಳೆ ಐಪಿಎಸ್‌ನಲ್ಲಿ ಕಪ್ಪು ಬಣ್ಣ ಬೂದಿಯಂತೆ ಕಾಣುತ್ತದೆ. ಕೆಳಗಿನ ಬಲ ಮೂಲೆಯಲ್ಲಿ ಹಳದಿ ಹೊಳಪು ಬೇರೆ. ಐಪಿಎಸ್‌ನ ಕಾಂಟ್ರಾಸ್ಟ್ (ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಪ್ರಕಾಶಮಾನ ಅನ್ನೋದು) ಸಾಮಾನ್ಯವಾಗಿ 1000:1 ಆಸುಪಾಸು, ವಿಎಯಲ್ಲಿ 3000:1 ಅಥವಾ ಅದಕ್ಕೂ ಮೇಲೆ. ಹಾಗಾಗಿ ಮನಸ್ಸು ವಿಎ ಕಡೆ ವಾಲಿತ್ತು. ಆದರೆ ಗೆಳೆಯನ ವಿಎಯಲ್ಲಿ ಆಡುವಾಗ ಕ್ಯಾಮೆರಾ ಬೇಗ ತಿರುಗಿಸಿದರೆ ಸಾಕು, ಮರದ ನೆರಳಿನ ಹಿಂದೆ ಮಸಿ ಬಳಿದ ಹಾಗೆ ಕಪ್ಪು ಗೆರೆ ಎಳೆಯುತ್ತಿತ್ತು. ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತೆ, ಅಲ್ವಾ?

ಓಎಲ್‌ಇಡಿಯಲ್ಲಿ ಒಂದೊಂದು ಪಿಕ್ಸೆಲ್ಲೂ ತಾನೇ ಬೆಳಗುತ್ತದೆ, ತಾನೇ ಆರುತ್ತದೆ. ಬೂದಿಯಂಥ ಕಪ್ಪು, ಮಸಿ ಗೆರೆ, ಈ ಎರಡೂ ತೊಂದರೆ ಅಲ್ಲಿಲ್ಲ. ನನ್ನ ಭಯ ಬರ್ನ್-ಇನ್, ಅಂದರೆ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಪರದೆಯಲ್ಲಿ ಅದರ ಗುರುತು ಉಳಿದುಬಿಡುವುದು. ಹಗಲು ಅದೇ ಪರದೆಯಲ್ಲಿ ಏಳೆಂಟು ಗಂಟೆ ಕೋಡ್ ಬರೆಯುತ್ತೇನೆ, ಟಾಸ್ಕ್‌ಬಾರ್ ಅಲ್ಲಾಡದೆ ಕೂತಿರುತ್ತೆ.

ಕೆಲಸಕ್ಕೂ ಆಟಕ್ಕೂ ಒಂದೇ ಓಎಲ್‌ಇಡಿ ಬಳಸುತ್ತಿರುವವರು ದಯವಿಟ್ಟು ಹೇಳಿ: ಎರಡು ವರ್ಷದ ಮೇಲೆ ಗುರುತು ಬಿತ್ತಾ? ಅಕ್ಷರದ ಅಂಚಲ್ಲಿ ಬಣ್ಣ ಕಾಣುತ್ತಾ? ಮಸಿ ಎಳೆಯದ ವಿಎ ಯಾರಾದರೂ ಬಳಸಿದ್ದರೆ ಮಾಡೆಲ್ ಹೆಸರೂ ತಿಳಿಸಿ.