ಡಿಸೆಂಬರ್ ಗಡಿಬಿಡಿಯಲ್ಲಿ ‘ಕರ್ತನ ಮೇಲೆ ಭಾರ ಹಾಕಿ’ ಅಂದರೆ ಏನು ಮಾಡಬೇಕು?

ಎರಡನೇ_ಬೆಂಚು:
ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆ. ಕ್ರಿಸ್‌ಮಸ್ ಹಾಡು ಹಾಡುತ್ತಾ ಮನೆಮನೆಗೆ ಹೋಗುವ ಕ್ಯಾರಲ್ ತಂಡ ನಮ್ಮ ಮನೆಗೆ ಬರುವ ದಿನ ಎರಡು ಸಲ ಬದಲಾಗಿದೆ. 23ಕ್ಕೆ ಅತ್ತೆ ಮಾವ ಬರಬೇಕಾದ ರೈಲಿನ ಟಿಕೆಟ್ ಇನ್ನೂ ವೇಟಿಂಗ್ ಲಿಸ್ಟ್‌ನಲ್ಲಿದೆ. ಸಂಡೇ ಸ್ಕೂಲ್ ನಾಟಕ, ಕೇಕ್, ಆಫೀಸಿನ ಕೆಲಸ ಎಲ್ಲ ಒಟ್ಟಿಗೇ ಮೈಮೇಲೆ ಬಂದಿವೆ. ಯಾರನ್ನು ಕೇಳಿದರೂ “ಕರ್ತನ ಮೇಲೆ ಭಾರ ಹಾಕಿಬಿಡಿ” ಅನ್ನುತ್ತಾರೆ. ಚಿಂತೆಯ ಭಾರವನ್ನು ದೇವರಿಗೆ ಒಪ್ಪಿಸು ಎನ್ನುವ ಬೈಬಲ್ ವಚನಗಳಲ್ಲಿ ಕೀರ್ತನೆ 55:22 ಗೊತ್ತು, 1 ಪೇತ್ರ 5:7 ಬಾಯಿಪಾಠ. ಆದರೆ ಬೆಳಿಗ್ಗೆ ಆರರಿಂದ ರಾತ್ರಿ ಹನ್ನೊಂದರ ನಡುವೆ ಆ ಭಾರ ಹಾಕುವ ಕೆಲಸವನ್ನು ಮಾಡುವುದು ಹೇಗೆ? ಬಿಡಿಸಿ ಹೇಳುವವರು ಬೇಕು.

ಸಂಡೇಸ್ಕೂಲ್_ಟೀಚರ್:
ಭಾರ ಹಾಕುವ ಮೊದಲು ಅದು ಯಾವ ಭಾರ ಎಂದು ಹೆಸರು ಹಿಡಿದು ಹೇಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ. “ಎಲ್ಲ ನಿನ್ನ ಚಿತ್ತ ಕರ್ತನೇ” ಎಂದು ಒಂದೇ ಉಸಿರಿಗೆ ಪ್ರಾರ್ಥನೆ ಮುಗಿಸಿ ಏಳುತ್ತಾರೆ. ಸಿಟ್ಟು ಒಳಗೇ ಇರುತ್ತದೆ, ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಮೇಲೆ ತಿರುಗುತ್ತದೆ.

13ನೇ ಕೀರ್ತನೆಯನ್ನು ಅಚ್ಚಿನಂತೆ ಬಳಸಿ. ಆರೇ ವಚನ, ಗಟ್ಟಿಯಾಗಿ ಓದಿದರೂ ಒಂದು ನಿಮಿಷ ಸಾಕು. ಮೊದಲ ಎರಡು ವಚನಗಳಲ್ಲಿ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆ ನಾಲ್ಕು ಸಲ ಬರುತ್ತದೆ. 3 ಮತ್ತು 4ರಲ್ಲಿ ಬೇಡಿಕೆ. ಭರವಸೆ, ಹಾಡು ಬರುವುದು 5 ಮತ್ತು 6ರಲ್ಲಿ. ನೀವೂ ಅದೇ ಕ್ರಮ ಹಿಡಿಯಿರಿ: ಎರಡು ನಿಮಿಷ ದೂರು, ಒಂದು ನಿಮಿಷ ಬೇಡಿಕೆ, ಒಂದು ನಿಮಿಷ ಸ್ತೋತ್ರ. ದೂರಿನಲ್ಲಿ “ಕ್ಯಾರಲ್ ದಿನ ಬದಲಾಗಿದ್ದಕ್ಕೆ ನನಗೆ ಸಿಟ್ಟು ಬಂದಿದೆ” ಎಂದೇ ಹೇಳಿ. ಬೇಡಿಕೆಯೂ ಹಾಗೇ ಇರಲಿ. “ಎಲ್ಲ ಒಳ್ಳೆಯದಾಗಲಿ” ಅಂದರೆ ಏನು ಕೇಳಿದಿರಿ ಎಂದು ನಿಮಗೇ ನೆನಪಿರುವುದಿಲ್ಲ.

ಫಿಲಿಪ್ಪಿ 4:6 ಬೇಡಿಕೆಯ ಜೊತೆಗೇ ಕೃತಜ್ಞತೆಯನ್ನು ಇಡುತ್ತದೆ. 7ನೇ ವಚನದ ವಾಗ್ದಾನ ಏನೆಂದು ಗಮನಿಸಿ: ದೇವಶಾಂತಿ ಹೃದಯವನ್ನು ಕಾಯುತ್ತದೆ ಎಂದು. ಟಿಕೆಟ್ ಕನ್ಫರ್ಮ್ ಆಗುತ್ತದೆ ಎಂದಲ್ಲ. ಇವೆರಡನ್ನೂ ಕಲಸಿಕೊಂಡವರಿಗೆ ಟಿಕೆಟ್ ಸಿಗದ ದಿನ ನಂಬಿಕೆಯೇ ಅಲ್ಲಾಡುತ್ತದೆ.

ರಾತ್ರಿ ಮಲಗುವಾಗ ಹಬಕ್ಕೂಕ 3:17-18 ತೆಗೆಯಿರಿ. ಅಂಜೂರ, ದ್ರಾಕ್ಷೆ, ಎಣ್ಣೆಮರ, ಹೊಲದ ಬೆಳೆ, ಹಟ್ಟಿಯ ಕುರಿ, ಕೊಟ್ಟಿಗೆಯ ದನ ಎಂದು ಇಲ್ಲದ್ದನ್ನೆಲ್ಲ ಪ್ರವಾದಿ ಒಂದೊಂದಾಗಿ ಎಣಿಸುತ್ತಾನೆ, ಆಮೇಲೆ ‘ಆದರೂ’ ಕರ್ತನಲ್ಲಿ ಸಂತೋಷಪಡುತ್ತೇನೆ ಎನ್ನುತ್ತಾನೆ. ಒಂದು ಚೀಟಿಯಲ್ಲಿ ಆ ದಿನ ಕೈಕೊಟ್ಟದ್ದನ್ನು ಬರೆದು ಕೆಳಗೆ ‘ಆದರೂ’ ಎಂದು ಬರೆಯಿರಿ. ಮುಂದಿನ ಸಾಲು ತಾನಾಗಿ ಬರದಿದ್ದರೆ 18ನೇ ವಚನವನ್ನೇ ನಕಲು ಮಾಡಿ. ಬಲವಂತದ ಸಂತೋಷ ಬೇಡ.

ಲೆಕ್ಕದ_ಪುಸ್ತಕ:
ಟೀಚರ್ ಹೇಳಿದ್ದನ್ನು ಒಪ್ಪುತ್ತೇನೆ. ಒಂದು ಮಾತು ಸೇರಿಸಬೇಕು. ನಮ್ಮ ಅಸಡ್ಡೆಗೆ ದೇವರ ಪರೀಕ್ಷೆ ಎಂದು ಹೆಸರಿಡಬಾರದು. ಬುರುಜು ಕಟ್ಟುವವನು ಮೊದಲು ಕೂತು ಖರ್ಚು ಲೆಕ್ಕ ಹಾಕುತ್ತಾನೆ ಎಂದು ಯೇಸುವೇ ಹೇಳಿದ್ದಾನೆ, ಲೂಕ 14:28.

ರೈಲಿನ ವಿಷಯ ತೆಗೆದುಕೊಳ್ಳಿ. ಬುಕಿಂಗ್ ತೆರೆಯುವುದು 60 ದಿನ ಮೊದಲು. ಅಂದರೆ ಡಿಸೆಂಬರ್ 23ರ ಟಿಕೆಟ್ ಅಕ್ಟೋಬರ್ 24ಕ್ಕೇ ಸಿಗುತ್ತಿತ್ತು, ಮುಂದಿನ ವರ್ಷಕ್ಕೆ ಈಗಲೇ ಗುರುತು ಹಾಕಿಕೊಳ್ಳಿ. ಈಗ ಉಳಿದಿರುವುದು ತತ್ಕಾಲ್: ಹಿಂದಿನ ದಿನ ಎಸಿಗೆ ಬೆಳಿಗ್ಗೆ 10, ಸ್ಲೀಪರ್‌ಗೆ 11. ಆನ್‌ಲೈನ್ ತತ್ಕಾಲ್‌ಗೆ ಆಧಾರ್ ಜೋಡಿಸಿದ ಖಾತೆ ಬೇಕು. ಆ ಕೆಲಸವನ್ನು ಈ ವಾರವೇ ಮುಗಿಸಿಡಿ. ಹತ್ತು ಗಂಟೆಗೆ ಜೋಡಿಸಲು ಕೂತರೆ ಸೀಟು ಹೋಗಿರುತ್ತದೆ. ಕನ್ಫರ್ಮ್ ಆದ ತತ್ಕಾಲ್ ರದ್ದು ಮಾಡಿದರೆ ಹಣ ವಾಪಸ್ ಬರುವುದಿಲ್ಲ. ಆನ್‌ಲೈನಿನಲ್ಲಿ ತೆಗೆದ ಟಿಕೆಟ್ ಚಾರ್ಟ್ ಆದ ಮೇಲೂ ಪೂರ್ತಿ ವೇಟಿಂಗ್‌ನಲ್ಲೇ ಇದ್ದರೆ ತಾನಾಗಿ ರದ್ದಾಗುತ್ತದೆ, ಹಿರಿಯರನ್ನು ಅದೇ ಟಿಕೆಟ್ ಹಿಡಿಸಿ ಹತ್ತಿಸಬೇಡಿ. ಆರ್‌ಎಸಿ ಆದರೆ ಹತ್ತಬಹುದು, ಕೂರಲು ಜಾಗವಿರುತ್ತದೆ. “22ರ ಬೆಳಿಗ್ಗೆ ಹನ್ನೊಂದೂವರೆಗೆ ಸಿಗದಿದ್ದರೆ ಬಸ್ಸು” ಎಂದು ಮನೆಯವರೆಲ್ಲ ಕೂತು ಇವತ್ತೇ ತೀರ್ಮಾನಿಸಿ.

ಇಷ್ಟು ಮಾಡಿದ ಮೇಲೆ ಉಳಿಯುವುದಿದೆಯಲ್ಲ, ಅದು ನಿಜವಾಗಿ ಕರ್ತನ ಮೇಲೆ ಹಾಕಬೇಕಾದ ಭಾರ. ಯಾಕೋಬ 4:15 ಹೇಳುವುದೂ ಇದನ್ನೇ. ಅಲ್ಲಿ ಯೋಜನೆ ಮಾಡಬೇಡಿ ಎಂದಿಲ್ಲ, ‘ಕರ್ತನ ಚಿತ್ತವಾದರೆ’ ಎಂದು ಸೇರಿಸಿ ಮಾಡಿ ಎಂದಿದೆ. ಕ್ಯಾಲೆಂಡರಿನಲ್ಲಿ ಪೆನ್ಸಿಲ್‌ನಿಂದ ಬರೆಯುವ ಅಭ್ಯಾಸ ಇದಕ್ಕೆ ಬಹಳ ಸಹಾಯ.

ಕ್ಯಾರಲ್ ತಡವಾಗುವುದೂ ಲೆಕ್ಕ ತಪ್ಪುವುದರಿಂದಲೇ. ಒಂದು ಮನೆಗೆ ಹಾಡು, ವಚನ, ಪ್ರಾರ್ಥನೆ ಸೇರಿ 15 ನಿಮಿಷ, ನಡೆಯಲು 10. ಸಂಜೆ 6:30ಕ್ಕೆ ಹೊರಟರೆ 10 ಗಂಟೆಯೊಳಗೆ ಎಂಟೇ ಮನೆ. ಪಟ್ಟಿಯಲ್ಲಿ ಹದಿನೈದು ಬರೆದಿರುತ್ತಾರೆ, ಪ್ರತಿ ಮನೆಯಲ್ಲೂ ಚಹಾ ಕೊಡುತ್ತಾರೆ. ಹತ್ತರ ನಂತರ ಧ್ವನಿವರ್ಧಕ ಹಾಕುವಂತೆಯೂ ಇಲ್ಲ. ನಿಮ್ಮ ಮನೆ ಪಟ್ಟಿಯ ಕೊನೆಯಲ್ಲಿದ್ದರೆ ಚಹಾ ಫ್ಲಾಸ್ಕಿನಲ್ಲಿರಲಿ, ಮಕ್ಕಳು ಮಲಗಲಿ. “ಗೇಟಿನ ಹತ್ತಿರ ಒಂದೇ ಹಾಡು, ಒಂದು ಪ್ರಾರ್ಥನೆ ಸಾಕು” ಎಂದು ತಂಡದವರಿಗೆ ಮೊದಲೇ ತಿಳಿಸಿ. ಅವರಿಗೂ ನಿರಾಳ.

ಕರಾವಳಿ_ಅಡುಗೆಮನೆ:
ನಾವು ಕಥೋಲಿಕರು, ಕುಸ್ವಾರ್ ಅಂದರೆ ಕ್ರಿಸ್‌ಮಸ್ ತಿಂಡಿಗಳನ್ನು ಮಾಡುವ ಮನೆ. ಅಡುಗೆಮನೆಯ ಭಾರಕ್ಕೆ ನನ್ನ ಸಲಹೆ: ಬಗೆ ಕಡಿಮೆ ಮಾಡಿ. ನೆವ್ರಿ, ಕಿಡಿಯೊ, ಗುಲಾಬಿ ಹೂವು, ಈ ಮೂರು ಸಾಕು. ಗುಲಾಬಿ ಹೂವು ಅಚ್ಚು ಬಿಡದಿದ್ದರೆ ಅಚ್ಚು ಸಾಕಷ್ಟು ಕಾದಿಲ್ಲ ಎಂದರ್ಥ. ಎಣ್ಣೆಯಲ್ಲೇ ಇಟ್ಟು ಕಾಯಿಸಿ, ಹಿಟ್ಟಿನಲ್ಲಿ ಮುಕ್ಕಾಲು ಭಾಗ ಮಾತ್ರ ಅದ್ದಿ. ಮೇಲಂಚು ಮುಳುಗಿದರೆ ಹೂವು ಅಲ್ಲೇ ಸಿಕ್ಕಿಕೊಳ್ಳುತ್ತದೆ. ನೆವ್ರಿ ದೊಡ್ಡ ಉರಿಯಲ್ಲಿ ಬೇಗ ಕೆಂಪಾಗುತ್ತದೆ, ಮರುದಿನ ಮೆತ್ತಗಾಗುತ್ತದೆ. ಏನೇ ಕರಿದರೂ ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಕೇಕ್ ಬೇಯುವಾಗ ಕರೆಂಟ್ ಹೋದರೆ ಓವನ್ ಬಾಗಿಲು ತೆಗೆಯಬೇಡಿ, ಒಳಗಿನ ಶಾಖ ಸ್ವಲ್ಪ ಹೊತ್ತು ನಿಲ್ಲುತ್ತದೆ. ಹತ್ತು ಹದಿನೈದು ನಿಮಿಷದಲ್ಲಿ ಬರದಿದ್ದರೆ ದಪ್ಪ ತಳದ ಪಾತ್ರೆಗೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, ಮುಚ್ಚಿ, ಗ್ಯಾಸಿನ ಸಣ್ಣ ಉರಿಯಲ್ಲಿ ಮುಂದುವರಿಸಿ.

ಆಗಮನ ಕಾಲದ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ, ಹಾರವನ್ನು ಊಟದ ಮೇಜಿನ ಮೇಲೇ ಇಡಿ. ಅದರಲ್ಲಿ ಮೂರು ನೇರಳೆ ಮೇಣದ ಬತ್ತಿ, ಒಂದು ಗುಲಾಬಿ ಬಣ್ಣದ್ದು. ಗುಲಾಬಿ ಬತ್ತಿ ಮೂರನೇ ಭಾನುವಾರದ್ದು, ಆನಂದದ ಭಾನುವಾರ. ಸಿದ್ಧತೆ ಅರ್ಧವೂ ಆಗಿರದ ಹೊತ್ತಿನಲ್ಲೇ ಧರ್ಮಸಭೆ ಆನಂದಿಸಿ ಎನ್ನುತ್ತದೆ. ಊಟಕ್ಕೆ ಮೊದಲು ಬತ್ತಿ ಹಚ್ಚಿ ಟೀಚರ್ ಹೇಳಿದ ನಾಲ್ಕು ನಿಮಿಷದ ಪ್ರಾರ್ಥನೆ ಮಾಡಿದರೆ ಬೇರೆ ಸಮಯ ಹುಡುಕಬೇಕಾಗಿಲ್ಲ.

ಎರಡನೇ_ಬೆಂಚು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಆಧಾರ್ ಜೋಡಿಸಿದೆ. ಇನ್ನೊಂದು ಪ್ರಶ್ನೆ: “ಮರಿಯಳಿಗೆ ಛತ್ರದಲ್ಲೂ ಜಾಗ ಸಿಗಲಿಲ್ಲ, ನಿನ್ನದೇನು ಮಹಾ” ಎಂದು ಯಾರಾದರೂ ಅಂದರೆ ಮನಸ್ಸು ಇನ್ನೂ ಕುಗ್ಗುತ್ತದೆ. ಯೇಸು ಹುಟ್ಟಿದ ಆ ಭಾಗವನ್ನು ಹೇಗೆ ಓದಬೇಕು?

ಸಂಡೇಸ್ಕೂಲ್_ಟೀಚರ್:
ಹೋಲಿಸಿ ಬಾಯಿ ಮುಚ್ಚಿಸಲು ಲೂಕ ಅದನ್ನು ಬರೆದಿಲ್ಲ. ಲೂಕ 2:7ರ ಗ್ರೀಕ್ ಪದ ‘ಕತಲೂಮ’. ಅದೇ ಪದ 22:11ರಲ್ಲಿ ಪಸ್ಕ ಹಬ್ಬದ ಊಟದ ಕೋಣೆಗೆ ಬರುತ್ತದೆ. ಒಳ್ಳೆಯ ಸಮಾರ್ಯದವನ ಕಥೆಯ ಛತ್ರಕ್ಕೆ ಲೂಕ ಬೇರೆ ಪದ ಬಳಸಿದ್ದಾನೆ. ಹಾಗಾಗಿ ಅದು ನೆಂಟರಿಂದ ತುಂಬಿದ ಮನೆಯ ಅತಿಥಿ ಕೋಣೆ ಆಗಿರಬಹುದು ಎಂದು ಅನೇಕ ವಿದ್ವಾಂಸರು ಓದುತ್ತಾರೆ. ನಿಮ್ಮ 23ನೇ ತಾರೀಖಿನ ಮನೆಗೆ ಇದು ಬಹಳ ಹತ್ತಿರ. ಹಾಸಿಗೆ ಸಾಲದ ಮನೆಯ ನಡುವೆಯೇ ಕರ್ತನು ಬಂದ.

ಡಿಸೆಂಬರ್ 1ರಿಂದ 24ರವರೆಗೆ ದಿನಕ್ಕೊಂದು ಅಧ್ಯಾಯದಂತೆ ಲೂಕನನ್ನು ಓದಬಹುದು, ಅಧ್ಯಾಯಗಳೂ 24. ಬಿಟ್ಟುಹೋದ ದಿನಗಳನ್ನು ಹಿಂದೆ ಹೋಗಿ ತುಂಬಿಸಬೇಡಿ. ಬಾಕಿ ಬೆಳೆದು ಐದನೇ ದಿನಕ್ಕೆ ಓದು ನಿಂತುಹೋಗುವುದು ಇದರಿಂದಲೇ. ಇವತ್ತಿನ ತಾರೀಖಿನ ಅಧ್ಯಾಯ ಓದಿ. ಇವತ್ತು 9. ನಾಳೆ 10ನೇ ಅಧ್ಯಾಯ, ಅದರ ಕೊನೆಯ ಐದು ವಚನಗಳಲ್ಲಿ ಮಾರ್ಥಳ ಮನೆಯಿದೆ. ಕೆಲಸದ ಗಡಿಬಿಡಿಯಲ್ಲಿ ಅವಳು ನೇರವಾಗಿ ಕರ್ತನಿಗೇ ದೂರು ಹೇಳುತ್ತಾಳೆ. ಕರ್ತನು ಅವಳನ್ನು ಎರಡು ಸಲ ಹೆಸರು ಹಿಡಿದು ಕರೆದು ಉತ್ತರ ಕೊಡುತ್ತಾನೆ. ಅದನ್ನು ಅಡುಗೆಮನೆಯಲ್ಲೇ ನಿಂತು ಓದಿ.