ಅಪ್‌ಡೇಟ್: ಮಾನ್‌ಸ್ಟರ್ ಟ್ರಕ್ ಮತ್ತೆ ಓಡುತ್ತಿದೆ

ನಮ್ಮ ರಿಮೋಟ್ ಕಂಟ್ರೋಲ್ ಆಟಿಕೆ ಟ್ರಕ್ಕಿನ ಮೋಟಾರ್ ಜೋರಾಗಿ ತಿರುಗುತ್ತದೆ, ಚಕ್ರಗಳು ಮಾತ್ರ ತಡವರಿಸುತ್ತವೆ, ಏಕಿರಬಹುದು ಎಂದು ಕಳೆದ ವಾರ ಇಲ್ಲಿ ಕೇಳಿದ್ದೆ. ಸ್ಲಿಪ್ಪರ್ ಕ್ಲಚ್ (ಜೋರಾದ ಪೆಟ್ಟು ಬಿದ್ದಾಗ ಜಾರಿ ಗೇರುಗಳನ್ನು ಕಾಯುವ ಭಾಗ) ಸಡಿಲವಾಗಿದೆ ಎಂಬುದು ನನ್ನ ಅನುಮಾನವಾಗಿತ್ತು. ಅದನ್ನು ಬಿಗಿ ಮಾಡುವ ಮೊದಲು ಗೇರ್ ಮುಚ್ಚಳ ತೆಗೆದು ನೋಡಿ ಎಂದವರಿಗೆ ನಾನು ಋಣಿ.

ಮುಚ್ಚಳದೊಳಗೆ ತೆಂಗಿನ ತುರಿಯಂತೆ ಬಿಳಿ ಪ್ಲಾಸ್ಟಿಕ್ ಪುಡಿ ತುಂಬಿತ್ತು. ಸ್ಪರ್ ಗೇರಿನ, ಅಂದರೆ ಮೋಟಾರಿನ ಸಣ್ಣ ಗೇರು ತಿರುಗಿಸುವ ದೊಡ್ಡ ಪ್ಲಾಸ್ಟಿಕ್ ಗೇರಿನ, ನಾಲ್ಕು ಹಲ್ಲುಗಳು ಪೂರ್ತಿ ಸವೆದಿದ್ದವು. ಆದರೆ ಮೂಲ ದೋಷ ಅದಲ್ಲ. ಪಿನಿಯನ್ (ಮೋಟಾರ್ ಶಾಫ್ಟಿಗೆ ಕೂರಿಸಿದ ಆ ಸಣ್ಣ ಗೇರು) ಹಿಡಿದಿಡುವ ಪುಟ್ಟ ತಿರುಪು ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೆ ಕೂರದೆ ದುಂಡು ಭಾಗದ ಮೇಲೆ ಕೂತು ಸಡಿಲಗೊಂಡಿತ್ತು. ಪಿನಿಯನ್ ಹೊರಕ್ಕೆ ಸರಿದು, ಸ್ಪರ್ ಗೇರಿನ ಅಂಚನ್ನು ಮಾತ್ರ ಕಚ್ಚುತ್ತಿತ್ತು. ಗೇರ್ ಒಂದನ್ನೇ ಬದಲಿಸಿದ್ದರೆ ಹೊಸದೂ ಹಾಳಾಗುತ್ತಿತ್ತು!

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಒಳ್ಳೆಯ ಅಲೆನ್ ಕೀ ಮತ್ತು ನೀಲಿ ಥ್ರೆಡ್‌ಲಾಕ್ (ತಿರುಪು ಸಡಿಲವಾಗದಂತೆ ಹಿಡಿಯುವ ಅಂಟು) ಕೊಂಡೆ. ಅದೇ ಪಿಚ್‌ನ (ಹಲ್ಲಿನ ಅಳತೆಯ) ಹೊಸ ಸ್ಪರ್ ಗೇರ್ ಹಾಕಿ, ತಿರುಪಿಗೆ ಒಂದು ಹನಿ ಅಂಟು ಬಿಟ್ಟೆ. ಪ್ಲಾಸ್ಟಿಕ್ ಭಾಗಗಳಿಗೆ ಅದು ತಾಗಬಾರದು, ಬಿರುಕು ಬಿಡುತ್ತವೆ. ಎರಡು ಗೇರುಗಳ ನಡುವೆ ತೆಳುವಾದ ಕಾಗದದ ಪಟ್ಟಿ ಇಟ್ಟು ಒತ್ತಿ ಹಿಡಿದು ಮೋಟಾರ್ ಬಿಗಿದೆ. ಕಾಗದ ಹರಿಯದೆ, ನೆರಿಗೆ ಬಿದ್ದು ಹೊರಬಂತು. ಅಂತರ ಸರಿಯಾಗಿದೆ ಎಂಬುದಕ್ಕೆ ಅದೇ ಗುರುತು.

ಸ್ಲಿಪ್ಪರ್ ನಟ್ಟನ್ನು ಕೈಪಿಡಿಯಲ್ಲಿ ಹೇಳಿದಷ್ಟೇ ಸಡಿಲ ಬಿಟ್ಟಿದ್ದೇನೆ. ಪೂರ್ತಿ ಬಿಗಿದರೆ ಪ್ರತಿ ನೆಗೆತದ ಪೆಟ್ಟೂ ನೇರವಾಗಿ ಡಿಫರೆನ್ಷಿಯಲ್‌ಗೆ (ಎಡ-ಬಲ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಜೋಡಣೆಗೆ) ಬೀಳುತ್ತದೆ.

ನಿನ್ನೆ ಜಯನಗರದ ಮೈದಾನದಲ್ಲಿ ಎರಡು ಬ್ಯಾಟರಿ ಖಾಲಿಯಾಗುವವರೆಗೆ ಓಡಿಸಿದೆವು. ಮಗಳು ರಿಮೋಟ್ ಕೊಡಲೇ ಇಲ್ಲ. ಹಿಂದಿನ ಡಿಫರೆನ್ಷಿಯಲ್‌ನಿಂದ ಸಣ್ಣ ಟಿಕ್ ಸದ್ದು ಇನ್ನೂ ಬರುತ್ತಿದೆ. ಭಾನುವಾರ ಅದನ್ನು ಬಿಚ್ಚುತ್ತೇನೆ.