ಸಕಾಮೊಟೊ ಒಸಾಕಾಕ್ಕೋ, ಆಂಜೇಗೋ? ಪಟ್ಟಿ ಬರುವ ಮುನ್ನವೇ ವಿಮಾನದ ಟಿಕೆಟ್ ಕೊಂಡವರು ಅನುಭವ ತಿಳಿಸಿ

ಕುವೆಂಪುನಗರದ ತಾಯಿ (ಮೇ 2025):

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಯಲ್ಲಿರುವ ನನ್ನ ಮಗಳಿಗೆ ಜಪಾನಿನ ಫಿಗರ್ ಸ್ಕೇಟರ್ ಕಾವೊರಿ ಸಕಾಮೊಟೊ ಅವರ ಸ್ಕೇಟಿಂಗ್ ಅನ್ನು ಒಮ್ಮೆಯಾದರೂ ಕಣ್ಣಾರೆ ನೋಡಬೇಕೆಂಬ ಹಂಬಲ. ಈ ವರ್ಷದ ಗ್ರ್ಯಾನ್ ಪ್ರೀ (ಬೇರೆ ಬೇರೆ ದೇಶಗಳಲ್ಲಿ ನಡೆಯುವ ಆರು ಆಹ್ವಾನದ ಪಂದ್ಯಗಳ ಸರಣಿ) ಪಂದ್ಯಗಳ ಊರು, ದಿನಾಂಕಗಳು ಗೊತ್ತಾಗಿವೆ. ಯಾರು ಎಲ್ಲಿಗೆ ಎಂಬ ಪಟ್ಟಿ ಮಾತ್ರ ಜೂನ್ ತಿಂಗಳಲ್ಲಿ ಬರುತ್ತದೆ, ಅಷ್ಟರೊಳಗೆ ವಿಮಾನದ ದರ ಏರುತ್ತದೆಂಬ ಭಯ ನನ್ನದು. ಒಸಾಕಾಕ್ಕೆ ಈಗ ಒಬ್ಬರಿಗೆ 58,900 ರೂಪಾಯಿ ತೋರಿಸುತ್ತಿದೆ. ಅಲ್ಲಿ ಜಪಾನಿನ ಗ್ರ್ಯಾನ್ ಪ್ರೀ ಪಂದ್ಯವಾದ ಎನ್‌ಎಚ್‌ಕೆ ಟ್ರೋಫಿ ನವೆಂಬರ್ 7ರಿಂದ. ಇನ್ನೊಂದು ಆಯ್ಕೆ ಅಕ್ಟೋಬರ್ 17ರಿಂದ 19ರವರೆಗೆ ಫ್ರಾನ್ಸಿನ ಆಂಜೇ; ಅದು ಮುಗಿದ ಮರುದಿನವೇ ನರಕ ಚತುರ್ದಶಿ, ಆ ದಿನ ಸೊಸೆ ಮನೆಯಲ್ಲಿಲ್ಲದಿದ್ದರೆ ಅತ್ತೆಯವರು ಏನೆನ್ನುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ. ಇಬ್ಬರಿಗೂ ಸೇರಿ ಮೂರೂವರೆ ಲಕ್ಷ ಮೀರುವಂತಿಲ್ಲ. ಪಟ್ಟಿ ಬರುವ ಮೊದಲೇ ಊಹಿಸಿ ಹೊರಟವರು ಯಾವ ಲೆಕ್ಕದ ಮೇಲೆ ಹೊರಟಿರಿ, ಆ ಲೆಕ್ಕ ಕೂಡಿಬಂತೇ ಎಂಬುದನ್ನು ದಯವಿಟ್ಟು ಬರೆಯಿರಿ.

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ಮೇಡಂ, ಈ ಪ್ರಶ್ನೆಗೆ ಉತ್ತರ ಹೇಳಲು 2,31,840 ರೂಪಾಯಿ ಕೊಟ್ಟು ಅರ್ಹತೆ ಸಂಪಾದಿಸಿದವನು ನಾನು. 2020ರಲ್ಲಿ, 2021ರಲ್ಲಿ, 2022ರಲ್ಲಿ ಸಕಾಮೊಟೊ ಎನ್‌ಎಚ್‌ಕೆ ಟ್ರೋಫಿಯನ್ನು ತಪ್ಪಿಸಿರಲಿಲ್ಲ. 2023ರ ಪಂದ್ಯ ಒಸಾಕಾ ಪಕ್ಕದ ಕಡೋಮಾದಲ್ಲಿ ಎಂದು ತಿಳಿದಾಗ, ಕೋಬೆಯ ಹುಡುಗಿ, ಅಷ್ಟು ಹೊತ್ತಿಗೆ ಎರಡು ಬಾರಿ ವಿಶ್ವ ಚಾಂಪಿಯನ್, ತನ್ನ ಮನೆಯ ಮಗ್ಗುಲಲ್ಲಿ ಆಡದೆ ಇನ್ನೆಲ್ಲಿ ಆಡುತ್ತಾಳೆ ಎಂದು ನನಗೆ ನಾನೇ ತೀರ್ಮಾನಿಸಿ, ನನಗೂ ನನ್ನ ಶ್ರೀಮತಿಗೂ ತಲಾ 71,250 ರೂಪಾಯಿಗೆ ಮೇ ತಿಂಗಳಿನಲ್ಲೇ ಟಿಕೆಟ್ ಕೊಂಡೆ. ಜೂನ್‌ನಲ್ಲಿ ಪಟ್ಟಿ ಬಂತು: ಸಕಾಮೊಟೊಗೆ ಸ್ಕೇಟ್ ಕೆನಡಾ ಮತ್ತು ಫಿನ್ಲೆಂಡಿನ ಎಸ್ಪೂ. ರದ್ದು ಮಾಡಿದರೆ ಒಬ್ಬರಿಗೆ 27,300 ಕಡಿತವೆಂದರು. ಅದನ್ನು ಕಳೆದುಕೊಳ್ಳಲು ಮನಸ್ಸಾಗದೆ ಹೋಗಿಯೇ ಬಂದೆವು. ಅತ್ತ ಆಕೆ ಎರಡೂ ಕಡೆ ಗೆದ್ದಳು. ಇತ್ತ ಕಡೋಮಾದಲ್ಲಿ ಮಹಿಳೆಯರ ಪದಕ ವೇದಿಕೆಯ ಮೇಲೆ ಒಬ್ಬ ಜಪಾನಿಯೂ ಇರಲಿಲ್ಲ. ಪುರುಷರಲ್ಲಿ ಕಾಗಿಯಾಮ ಮತ್ತು ಉನೊ ಮೊದಲೆರಡು ಸ್ಥಾನ ಹಿಡಿದಿದ್ದರಿಂದ ಮಾನ ಉಳಿಯಿತು.

ನನ್ನ ತಪ್ಪು ಎಲ್ಲಿತ್ತೆಂದು ಆಮೇಲೆ ಕುಳಿತು ಲೆಕ್ಕ ಹಾಕಿದ್ದೇನೆ. ಒಂದೊಂದು ಪಂದ್ಯಕ್ಕೆ 12 ಮಹಿಳೆಯರು, ಆರು ಪಂದ್ಯಗಳಿಗೆ 72 ಜಾಗ. ಯಾವ ದೇಶವೂ ಒಂದು ಪಂದ್ಯದ ಒಂದು ವಿಭಾಗದಲ್ಲಿ ಮೂವರಿಗಿಂತ ಹೆಚ್ಚು ಜನರನ್ನು ಇಳಿಸುವಂತಿಲ್ಲ, ಆತಿಥೇಯರಿಗೂ ಅಷ್ಟೇ. ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಆರು ಮಂದಿಗೆ ಎರಡೆರಡು ಪಂದ್ಯ ಖಚಿತ, ಮತ್ತು ಪದಕ ಪಡೆದ ಮೂವರನ್ನು ಒಂದೇ ಕಡೆ ಕೂಡಿಹಾಕದೆ ಹರಡುತ್ತಾರೆ. ಜಪಾನಿನಂತಹ ದೇಶದಲ್ಲಿ ಒಳ್ಳೆಯ ಸ್ಕೇಟರ್‌ಗಳು ಹತ್ತು ಜನರಿರುವಾಗ ತವರಿನ ಮೂರು ಜಾಗಗಳನ್ನು, ಹೊರಗೆ ಸುಲಭವಾಗಿ ಆಹ್ವಾನ ಸಿಗದವರಿಗೆ ಬಿಟ್ಟುಕೊಡುವುದೇ ಲಾಭ. ಚಾಂಪಿಯನ್ನನ್ನು ಯಾರಾದರೂ ಕರೆದೇ ಕರೆಯುತ್ತಾರೆ. ಮೊನ್ನೆ ಮಾರ್ಚ್‌ನಲ್ಲಿ ಬಾಸ್ಟನ್ನಿನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅಮೆರಿಕಾದ ಅಲೀಸಾ ಲಿಯು, ಸಕಾಮೊಟೊ, ಮೊನೆ ಚಿಬಾ ಈ ಕ್ರಮದಲ್ಲಿ ಬಂದರು. ಈ ಮೂವರಲ್ಲಿ ಜಪಾನಿನವರು ಇಬ್ಬರು, ಹರಡುವ ನಿಯಮದಂತೆ ಒಸಾಕಾದಲ್ಲಿ ಜಾಗ ಒಬ್ಬರಿಗೆ. ಈ ಬಾರಿ ಅದು ಚಿಬಾ ಪಾಲಿಗೆ ಎಂಬುದು ನನ್ನ ಲೆಕ್ಕ. ನೀವು ಆಂಜೇ ನೋಡಿಕೊಳ್ಳಿ.

ಗುತ್ತಲು ಕಬ್ಬು ಬೆಳೆಗಾರ, ಮಂಡ್ಯ:

ಮೇಷ್ಟ್ರು ಒಂದು ಲೆಕ್ಕ ತಪ್ಪಿದ್ದಕ್ಕೆ ಇನ್ನೊಂದು ಲೆಕ್ಕ ಬರೆದಿದ್ದಾರೆ. ಲೆಕ್ಕ ಸರಿಯಾಗಿಯೇ ಇದ್ದು ಕೈಸುಟ್ಟುಕೊಂಡವನ ಕಥೆಯನ್ನೂ ಕೇಳಿ. ನಾನೂ ನನ್ನ ತಂಗಿಯೂ ಜಪಾನಿನ ಪುರುಷರ ವಿಭಾಗದ ತಾರೆ ಯುಜುರು ಹಾನ್ಯು ಅವರನ್ನು ನೋಡಲೆಂದು 2017ರಲ್ಲಿ ಒಸಾಕಾಕ್ಕೆ ಹೋದೆವು. 2014, 2015, 2016, ಮೂರು ವರ್ಷವೂ ಅವರು ಎನ್‌ಎಚ್‌ಕೆಯಲ್ಲಿದ್ದರು. 2015ರಲ್ಲಿ 322.40 ಅಂಕ ಪಡೆದು ಮುನ್ನೂರರ ಗೆರೆ ದಾಟಿದ್ದೂ ಅಲ್ಲಿಯೇ. 2017ರಲ್ಲೂ ಒಸಾಕಾ ಎಂದು ನಾನು ಏಪ್ರಿಲ್‌ನಲ್ಲೇ ಹೇಳಿದ್ದೆ, ಪಟ್ಟಿಯಲ್ಲಿ ಹಾಗೆಯೇ ಬಂತು. ಕಬ್ಬು ಅರೆದ ಕಾರ್ಖಾನೆ ಹಣ ಕೊಡದೆ ಸತಾಯಿಸುತ್ತಿದ್ದ ಕಾಲ ಅದು, ಆದ್ದರಿಂದ ಅವ್ವನ ಅವಲಕ್ಕಿ ಸರವನ್ನು ಅಡವಿಟ್ಟು ಶೇಕಡಾ 11ರ ಬಡ್ಡಿಗೆ 1,80,000 ತೆಗೆದೆ. ಕಬ್ಬಿನ ಬಿಲ್ಲು ಕೈಗೆ ಬಂದು ಸರ ಬಿಡಿಸುವಷ್ಟರಲ್ಲಿ 14 ತಿಂಗಳು ಕಳೆದಿತ್ತು. ಬಡ್ಡಿಯೇ 23,100.

ಪಂದ್ಯ ಶುಕ್ರವಾರ ನವೆಂಬರ್ 10ರಂದು ಶುರು. ಗುರುವಾರದ ಅಭ್ಯಾಸದಲ್ಲಿ ಅವರು ಕ್ವಾಡ್ ಲಟ್ಸ್ (ಗಾಳಿಯಲ್ಲಿ ನಾಲ್ಕು ಸುತ್ತು ತಿರುಗುವ ಜಿಗಿತ) ಹಾರಲು ಹೋಗಿ ಬಿದ್ದು ಬಲಗಾಲಿನ ಕೀಲು ಉಳುಕಿಸಿಕೊಂಡರು. ಮರುದಿನ ಹಿಂದೆ ಸರಿದರು. ಆ ಸುದ್ದಿ ನಮಗೆ ತಿಳಿದದ್ದು ಕ್ರೀಡಾಂಗಣದ ಹೊರಗಿನ ಸಾಲಿನಲ್ಲಿ, ಮುಂದೆ ನಿಂತಿದ್ದ ಹೆಂಗಸು ಮೊಬೈಲ್ ನೋಡಿ ಬಾಯಿಗೆ ಕೈ ಅಡ್ಡ ಹಿಡಿದು ನೆಲಕ್ಕೆ ಕುಕ್ಕರಿಸಿದಾಗ. ನಮಗೆ ಭಾಷೆ ಬಾರದಿದ್ದರೂ ಅರ್ಥವಾಯಿತು. ಅವರ ಪ್ರದರ್ಶನ ಮುಗಿದ ಮೇಲೆ ಅಂಕಣಕ್ಕೆ ಎಸೆಯಲೆಂದು ನನ್ನ ತಂಗಿ ಹಳೆಯ ಅರಿಶಿನ ಬಣ್ಣದ ರವಿಕೆ ಬಟ್ಟೆಯಲ್ಲಿ ಒಂದು ಕರಡಿ ಗೊಂಬೆ ಹೊಲಿದುಕೊಂಡು ಬಂದಿದ್ದಳು. ಮೂರು ದಿನವೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದಳು. ಸೆರ್ಗೆಯ್ ವೊರೊನೊವ್ ಗೆದ್ದರು, ಆಡಮ್ ರಿಪ್ಪನ್ ಎರಡನೆಯವರು. ಚೆನ್ನಾಗಿಯೇ ಆಡಿದರು, ಸುಳ್ಳು ಹೇಳಬಾರದು. ಗೊಂಬೆ ಈಗಲೂ ನಮ್ಮ ಮನೆಯ ಷೋಕೇಸಿನಲ್ಲಿದೆ. ಪಟ್ಟಿಯನ್ನು ಊಹಿಸಬಹುದು, ಕಾಲಿನ ಕೀಲನ್ನು ಊಹಿಸಲಾಗದು. ಆದರೂ ಹೋಗುವುದಾದರೆ ಒಸಾಕಾಕ್ಕೇ ಹೋಗಿ. ಟಿಕೆಟ್ ಮಾರಬೇಕಾದ ಆತಿಥೇಯರು ತಮ್ಮ ರಾಣಿಯನ್ನು ಎರಡನೆಯ ಸಲ ಹೊರಗಿಡುವಷ್ಟು ದಡ್ಡರಲ್ಲ.

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ಗೌಡರೇ, ನಿಮ್ಮ ತಂಗಿಯವರ ಬಗ್ಗೆ ನನಗೆ ಮರುಕವಿದೆ, ಆದರೆ ಗಾಯವೆಂಬುದು ಹಂಚಿಕೆಯ ಲೆಕ್ಕಕ್ಕೆ ಸೇರದ ವಿಷಯ. ಮೇಡಂ ಕೇಳಿರುವುದು ಯಾರನ್ನು ಎಲ್ಲಿಗೆ ಹಾಕುತ್ತಾರೆಂದು, ಯಾರು ಬೀಳುತ್ತಾರೆಂದು ಅಲ್ಲ. ಎರಡನ್ನೂ ಕಲಸಿದರೆ ಊಹೆಗೂ ಕಣಿ ಹೇಳುವುದಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ.

ಗುತ್ತಲು ಕಬ್ಬು ಬೆಳೆಗಾರ, ಮಂಡ್ಯ:

ಮೇಷ್ಟ್ರೇ, ಅವರು ಕೇಳಿರುವುದು ಮಗಳಿಗೆ ಸಕಾಮೊಟೊ ಕಾಣುತ್ತಾರೋ ಇಲ್ಲವೋ ಎಂದು. ಕಾಗದದ ಮೇಲೆ ಹೆಸರು ಕಂಡರೆ ಸಾಕಾಗಿದ್ದರೆ ಮೈಸೂರಿನಲ್ಲೇ ಕುಳಿತು ನೋಡಬಹುದಿತ್ತು. ಮಳೆಯನ್ನು ಲೆಕ್ಕಕ್ಕೆ ಹಿಡಿಯದೆ ಇಳುವರಿ ಹೇಳುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ.

ಗೋಕುಲಂ ಪ್ರವಾಸಿ:

ಈ ಇಬ್ಬರು ಯಜಮಾನರ ಜಗಳದ ನಡುವೆ ಒಂದು ಮಾತು. ಆಹ್ವಾನದ ಪಂದ್ಯಗಳಿಗೇ ಜೋತುಬೀಳುವುದು ಯಾಕೆಂಬುದು ನನಗೆ ಇಂದಿಗೂ ಅರ್ಥವಾಗಿಲ್ಲ. ಕಳೆದ ವರ್ಷ ಸೆಪ್ಟೆಂಬರ್‌ನಲ್ಲಿ ನಾನು ಒಬ್ಬಳೇ ಇಟಲಿಯ ಬೆರ್ಗಾಮೋಗೆ ಲೊಂಬಾರ್ಡಿಯಾ ಟ್ರೋಫಿ ನೋಡಲು ಹೋದೆ. ಅದು ಗ್ರ್ಯಾನ್ ಪ್ರೀಗಿಂತ ಕೆಳಗಿನ ದರ್ಜೆಯ ಚಾಲೆಂಜರ್ ಸರಣಿಯ ಪಂದ್ಯ. ಆತಿಥೇಯರು ಆರಿಸಿ ಕರೆಯುವ ಗೋಜಿಲ್ಲ, ಆಯಾ ದೇಶದ ಫೆಡರೇಶನ್ನೇ ತನ್ನವರ ಹೆಸರು ಕೊಡುತ್ತದೆ. ಅಮೆರಿಕಾದ ವಿಶ್ವ ಚಾಂಪಿಯನ್ ಇಲ್ಯಾ ಮಲಿನಿನ್ ಬಂದರು, ಗೆದ್ದರು. ನಾನು ಕುಳಿತಿದ್ದದ್ದು ಮೂರನೆಯ ಸಾಲಿನಲ್ಲಿ. ಜಿಗಿತಕ್ಕೆ ಮುನ್ನ ಅವರ ಬ್ಲೇಡಿನ ಅಂಚು ಐಸನ್ನು ಕೆರೆಯುವ ಕರಕರ ಸದ್ದು, ತೆಂಗಿನಕಾಯಿ ತುರಿದಂತೆ, ಸ್ಪಷ್ಟವಾಗಿ ಕೇಳಿಸುತ್ತಿತ್ತು. ಟಿ.ವಿ.ಯಲ್ಲಿ ಅದು ಸಂಗೀತದಡಿ ಮುಚ್ಚಿಹೋಗುತ್ತದೆ. ಫ್ಲೈಬಸ್ಸಿನಿಂದ ಹಿಡಿದು ಕೊನೆಯ ಕಾಫಿಯವರೆಗೆ ಒಟ್ಟು ಖರ್ಚು 1,42,600. ವೀಸಾ ಶುಲ್ಕ 90 ಯೂರೋ ಅದರಲ್ಲೇ ಸೇರಿದೆ. ವೀಸಾಕ್ಕಾಗಿ ಬೆಂಗಳೂರಿಗೆ ಮೂರು ಬಾರಿ ಅಲೆದದ್ದು, ಎರಡನೆಯ ಬಾರಿ ಬ್ಯಾಂಕ್ ವಿವರದ ಮೇಲೆ ಮುದ್ರೆಯಿಲ್ಲವೆಂದು ವಾಪಸು ಕಳಿಸಿದ್ದು, ಮೂರನೆಯ ಬಾರಿ ಬೆಳಗಿನ ನಾಲ್ಕಕ್ಕೆ ಎದ್ದು ರೈಲು ಹಿಡಿದದ್ದು, ಇವಕ್ಕೆ ಬೆಲೆ ಕಟ್ಟಿಲ್ಲ. ಭಾರತದ ಪರ ಸ್ಪರ್ಧಿಸುವ ತಾರಾ ಪ್ರಸಾದ್ ಅವರಂಥವರನ್ನು ನೋಡಬೇಕೆಂದರೂ ಚಾಲೆಂಜರ್ ಪಂದ್ಯಗಳತ್ತ ಕಣ್ಣು ಹಾಯಿಸಬೇಕು.

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ಚಾಲೆಂಜರ್ ಪಂದ್ಯಗಳ ಹೆಸರುಗಳು ಕೊನೆಯ ವಾರದವರೆಗೂ ಬದಲಾಗುತ್ತಲೇ ಇರುತ್ತವೆ. ಋತುವಿನ ಆರಂಭದಲ್ಲಿ ಹೊಸ ಕಾರ್ಯಕ್ರಮವನ್ನು ಪರೀಕ್ಷಿಸಲು ಬರುವವರನ್ನು ನೋಡುವುದಕ್ಕೂ ಗ್ರ್ಯಾನ್ ಪ್ರೀ ನೋಡುವುದಕ್ಕೂ ಅಜಗಜಾಂತರವಿದೆ. ತಾಲೀಮು ನೋಡಿ ಕಛೇರಿ ಕೇಳಿದೆ ಎನ್ನಬಾರದು.

ಗೋಕುಲಂ ಪ್ರವಾಸಿ:

ಮೇಷ್ಟ್ರೇ, ನೀವು 2,31,840 ಕೊಟ್ಟು ಯಾರನ್ನು ನೋಡಲಿಲ್ಲವೋ ಅವರ ಬಗ್ಗೆ ಬರೆದಿರಿ. ನಾನು ಅದಕ್ಕಿಂತ ಸುಮಾರು ತೊಂಬತ್ತು ಸಾವಿರ ಕಡಿಮೆ ಕೊಟ್ಟು ನೋಡಿದವರ ಬಗ್ಗೆ ಬರೆದೆ. ತಾಲೀಮಾದರೂ ವಿದ್ವಾಂಸರು ಎದುರಿಗೆ ಕುಳಿತಿದ್ದರಲ್ಲವೇ?

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ನನ್ನ ಮೊತ್ತ ಇಬ್ಬರದು, ನಿಮ್ಮದು ಒಬ್ಬರದು. ತಲೆಗೆ 1,15,920. ಹೋಲಿಸುವ ಮೊದಲು ಭಾಗಿಸಬೇಕು.

ವಿಜಯನಗರ ಎರಡನೇ ಹಂತ:

ಭಾಗಾಕಾರ ಮುಗಿದಿದ್ದರೆ ನನ್ನದೂ ಒಂದಿಷ್ಟು. 2015ರಲ್ಲಿ ಕಂಪನಿಯ ಕೆಲಸದ ಮೇಲೆ ತುಲೂಸಿನಲ್ಲಿದ್ದೆ. ಆ ವರ್ಷ ಫ್ರಾನ್ಸಿನ ಪಂದ್ಯ ಬೋರ್ಡೊದಲ್ಲಿತ್ತು, ರೈಲಿನಲ್ಲಿ ಎರಡು ಗಂಟೆಯ ಹಾದಿ. ಯಾರು ಬರುತ್ತಾರೆಂದು ನಾನು ಪಟ್ಟಿ ಸಹ ನೋಡಿರಲಿಲ್ಲ. ಶುಕ್ರವಾರ ನವೆಂಬರ್ 13ರಂದು ಮೊದಲ ಸುತ್ತಾದ ಶಾರ್ಟ್ ಪ್ರೋಗ್ರಾಮ್‌ಗಳು ನಡೆದವು. ಪುರುಷರಲ್ಲಿ ಶೋಮಾ ಉನೊ, ಮಹಿಳೆಯರಲ್ಲಿ ಗ್ರೇಸಿ ಗೋಲ್ಡ್ ಮುಂದಿದ್ದರು. ಆ ರಾತ್ರಿ ಪ್ಯಾರಿಸ್ಸಿನಲ್ಲಿ ಭಯೋತ್ಪಾದಕರ ದಾಳಿಯಾಯಿತು. ಶನಿವಾರ ಬೆಳಿಗ್ಗೆ ಹೋದರೆ ಬಾಗಿಲು ಮುಚ್ಚಿತ್ತು. ಉಳಿದ ಪಂದ್ಯ ರದ್ದಾಗಿ, ಶಾರ್ಟ್ ಪ್ರೋಗ್ರಾಮಿನ ಫಲಿತಾಂಶವನ್ನೇ ಅಂತಿಮವೆಂದು ಉಳಿಸಿಕೊಂಡರು. ಆ ಬೆಳಿಗ್ಗೆ ಬಾಗಿಲ ಮುಂದೆ ಸ್ಕೇಟಿಂಗ್ ಬಗ್ಗೆ ಯಾರೂ ಮಾತನಾಡಲಿಲ್ಲ. ಅಂದಿನಿಂದ ನಾನು ವ್ಯಕ್ತಿಯನ್ನು ನೆಚ್ಚಿ ಹೋಗುವುದಿಲ್ಲ. ಊರು ನೆಚ್ಚಿ ಹೋಗುತ್ತೇನೆ, ಬಂದವರನ್ನು ನೋಡುತ್ತೇನೆ.

ಆದರೂ ಹಳೆಯ ಜಾಡು ಹಿಡಿದು ಊಹಿಸುವುದು ಪೂರ್ತಿ ವ್ಯರ್ಥವಲ್ಲ. ಅಮೆರಿಕಾದ ಸ್ಕೇಟರ್ ನೇಥನ್ ಚೆನ್ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ 2018, 2019 ಎರಡೂ ವರ್ಷ ಸ್ಕೇಟ್ ಅಮೆರಿಕಾ, ಫ್ರಾನ್ಸಿನ ಗ್ರೆನೋಬಲ್ ಎಂಬ ಒಂದೇ ಜೋಡಿ ಆಡಿದರು. ತರಗತಿಯ ವೇಳಾಪಟ್ಟಿ ಇರುವವರ ಮೇಲೆ ಕಣ್ಣಿಟ್ಟರೆ ಸಾಕೆಂಬುದು ನನ್ನ ಗುಮಾನಿ. 2022ರ ಮಾರ್ಚ್‌ನಲ್ಲಿ ರಷ್ಯಾದವರನ್ನು ಹೊರಗಿಟ್ಟ ಮೇಲಂತೂ ಹಳೆಯ ಜಾಡುಗಳೆಲ್ಲ ಕಲಸಿಹೋಗಿವೆ. ಅವರ ಹುಡುಗಿಯರು ಪಂದ್ಯಕ್ಕೆ ಮೂವರಂತೆ ತುಂಬಿಕೊಳ್ಳುತ್ತಿದ್ದ ಜಾಗಗಳು ತೆರವಾದವು, ರಷ್ಯಾದ ಪಂದ್ಯವೇ ಹೋಗಿ ಫಿನ್ಲೆಂಡ್ ಬಂತು. ಮೇಷ್ಟ್ರು 2020, 2021ರ ಜಾಡನ್ನು 2023ಕ್ಕೆ ಹಚ್ಚಿದ್ದೇ ಮೊದಲ ತಪ್ಪು.

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

2022 ಅನ್ನೂ ಸೇರಿಸಿದ್ದೇನೆ, ಓದಿ ಬರೆಯಿರಿ.

ಕುವೆಂಪುನಗರದ ತಾಯಿ (ಜೂನ್):

ಪಟ್ಟಿ ಬಂದಿದೆ. ಸಕಾಮೊಟೊ ಅವರಿಗೆ ಆಂಜೇಯೂ ಇದೆ, ಒಸಾಕಾವೂ ಇದೆ. ನೀವೆಲ್ಲ ಬರೆದದ್ದನ್ನು ಓದಿ ಹೆದರಿ ನಾನು ಏನನ್ನೂ ಕೊಂಡಿರಲಿಲ್ಲ. 58,900 ಇದ್ದದ್ದು ಈಗ 64,700 ಆಗಿದೆ, ಇಬ್ಬರಿಗೆ 11,600 ಹೆಚ್ಚು. ಇರಲಿ, ಹಬ್ಬ ತಪ್ಪುವುದಿಲ್ಲವೆಂದು ಒಸಾಕಾ ಗಟ್ಟಿ ಮಾಡಿದ್ದೇನೆ.

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ಆಂಜೇ ಎಂದು ಮೇ ತಿಂಗಳಿನಲ್ಲೇ ಬರೆದಿದ್ದೆ ಎಂಬುದನ್ನು ಎಲ್ಲರೂ ಗಮನಿಸಬೇಕು. ಪದಕದ ಮೂವರನ್ನು ಹರಡುತ್ತಾರೆ ಎಂದಿದ್ದೂ ನಿಜವಾಯಿತು: ಲಿಯುಗೆ ಚೀನಾದ ಚೊಂಗ್‌ಚಿಂಗ್ ಮತ್ತು ಅಮೆರಿಕಾದ ಲೇಕ್ ಪ್ಲಾಸಿಡ್, ಸಕಾಮೊಟೊಗೆ ಆಂಜೇ ಮತ್ತು ಒಸಾಕಾ.

ಗುತ್ತಲು ಕಬ್ಬು ಬೆಳೆಗಾರ, ಮಂಡ್ಯ:

ಒಸಾಕಾ ಚಿಬಾ ಪಾಲಿಗೆ ಎಂದು ಬರೆದವರು ಯಾರು ಮೇಷ್ಟ್ರೇ? ಮೇಡಂ ನಿಮ್ಮ ಮಾತು ಕೇಳಿ ಆಂಜೇಗೆ ಹೊರಟಿದ್ದರೆ ಅವರ ಅತ್ತೆಯವರಿಗೆ ಉತ್ತರ ಹೇಳಲು ನೀವು ಬರುತ್ತಿದ್ದಿರೇ?

ಸರಸ್ವತಿಪುರಂ ನಿವೃತ್ತ ಉಪನ್ಯಾಸಕ:

ಎರಡರಲ್ಲಿ ಒಂದು ಸರಿ ಎಂದರೆ ಶೇಕಡಾ 50. ನೀವೂ ಒಂದನ್ನೇ ಹೇಳಿದ್ದಿರಿ.

ಕುವೆಂಪುನಗರದ ತಾಯಿ:

ದಯವಿಟ್ಟು ಜಗಳ ಬೇಡ. ಜಪಾನಿನಲ್ಲಿ ಪ್ರೇಕ್ಷಕರ ಟಿಕೆಟ್ಟುಗಳನ್ನು ಲಾಟರಿ ಎತ್ತಿ ಕೊಡುತ್ತಾರೆಂದು ಕೇಳಿ ಗಾಬರಿಯಾಗಿದೆ. ವಿಮಾನದ ಟಿಕೆಟ್ ಕೈಯಲ್ಲಿದ್ದು ಒಳಗೆ ಹೋಗಲು ಟಿಕೆಟ್ ಇಲ್ಲದಿದ್ದರೆ ಏನು ಗತಿ? ಗೌಡರೇ, 2017ರಲ್ಲಿ ನೀವು ಹೇಗೆ ಪಡೆದಿರಿ?

ಗುತ್ತಲು ಕಬ್ಬು ಬೆಳೆಗಾರ, ಮಂಡ್ಯ:

ಅದು ದೊಡ್ಡ ಕಥೆ ಅಕ್ಕ, ಅಲ್ಲಿ ಕೆಲಸಕ್ಕಿದ್ದ ನಮ್ಮ ಭಾವನ ಸ್ನೇಹಿತರೊಬ್ಬರಿಂದ ಮೂರು ಬಾರಿ ಅರ್ಜಿ ಹಾಕಿಸಿ, ಎರಡು ಬಾರಿ ಸೋತು, ಅವರಿಗೆ ಊರಿಂದ ಐದು ಕಿಲೋ ಬೆಲ್ಲ ಒಯ್ದು, ಆ ಬೆಲ್ಲದ ಹೆಚ್ಚುವರಿ ತೂಕಕ್ಕೆ ವಿಮಾನ ನಿಲ್ದಾಣದಲ್ಲಿ 3,200 ತೆತ್ತು ಪಡೆದದ್ದು. ವಿವರವಾಗಿ ನಾಳೆ ಬರೆಯುತ್ತೇನೆ. ಈಗ ತ್ರೀ ಫೇಸ್ ಕರೆಂಟ್ ಬಂದಿದೆ, ಕಬ್ಬಿಗೆ ನೀರು ಕಟ್ಟಬೇಕು.